ಹುಚ್ಚ ವಿಜ್ಞಾನಿಯ ತಲೆಗೆ ಯಾರ ತಪ್ಪು ಕಟ್ಟುತ್ತಿದ್ದೇವೆ?

ಕಾರ್ಟೂನುಗಳಲ್ಲಿ ಬರುವ ಹುಚ್ಚ ವಿಜ್ಞಾನಿಯ ಮೇಲೆ ನನಗೊಂದು ದೂರಿದೆ. ಅವನು ಮಕ್ಕಳನ್ನು ಹೆದರಿಸುತ್ತಾನೆ ಎಂಬ ದೂರಲ್ಲ. ಗುಮ್ಮ, ದೆವ್ವ, ಬಾನಾಮತಿಗಳ ಕತೆ ಕೇಳಿ ಬೆಳೆಯುವ ನಮ್ಮ ಕಡೆಯ ಮಕ್ಕಳು ಅಷ್ಟಕ್ಕೆಲ್ಲ ಹೆದರುವವರಲ್ಲ. ಲೋಕಕ್ಕೆ ಆದ ಕೇಡಿಗೆಲ್ಲ ತಲೆ ಕೆಟ್ಟ ಒಬ್ಬನೇ ಕಾರಣ ಎಂದು ಅವನು ಹೇಳಿಕೊಡುತ್ತಾನೆ. ತಲೆ ನೆಟ್ಟಗಿದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊತ್ತಿಗೆ ಸರಿಯಾಗಿ ಕಚೇರಿಗೆ ಬಂದು ಸಹಿ ಹಾಕಿ ಹೋದವರನ್ನು ಸಲೀಸಾಗಿ ಬಿಟ್ಟುಬಿಡುತ್ತಾನೆ. ಯಾದಗಿರಿಯಂಥ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಈ ಸುಳ್ಳು ಬರೀ ತಮಾಷೆಯಾಗಿ ಉಳಿಯುವುದಿಲ್ಲ.

ಯಾವ ಚಿತ್ರದ ಮಾತು ಆಡುತ್ತಿದ್ದೇನೆ ಎಂದು ಮೊದಲು ಹೇಳಿಬಿಡುತ್ತೇನೆ. ‘ದಿ ಮ್ಯಾಡ್ ಡಾಕ್ಟರ್’ ಎಂಬುದು ಡಿಸ್ನಿಯವರು 1933ರ ಜನವರಿಯಲ್ಲಿ ಬಿಡುಗಡೆ ಮಾಡಿದ, ಏಳೆಂಟು ನಿಮಿಷದ ಕಪ್ಪು ಬಿಳುಪು ಚಿತ್ರ. ನಿರ್ದೇಶಕ ಡೇವಿಡ್ ಹ್ಯಾಂಡ್. ಮಳೆಗಾಳಿಯ ರಾತ್ರಿ. ಮಿಕ್ಕಿ ಮೌಸ್‌ನ ನಾಯಿ ಪ್ಲೂಟೊವನ್ನು ಗೂಡಿನ ಸಮೇತ ಯಾರೋ ಎಳೆದೊಯ್ಯುತ್ತಾರೆ. ಹೆಜ್ಜೆ ಹಿಡಿದು ಹೋದ ಮಿಕ್ಕಿಗೆ ಸಿಗುವುದು ಒಂದು ಪಾಳು ಕೋಟೆ, ಅದರ ತುಂಬ ಎಲುಬಿನ ಹಂದರಗಳು. ಒಳಗಿರುವ ಡಾಕ್ಟರನ ಹೆಸರು ಮೂರು ಗುಣಾಕಾರ ಚಿಹ್ನೆ, ಅಷ್ಟೆ. ನಾಯಿಯನ್ನೂ ಕೋಳಿಯನ್ನೂ ಸೇರಿಸಿ ಹೊಲಿದರೆ ಹುಟ್ಟುವ ಮರಿ ಬೊಗಳೀತೋ ಕೊಕ್ಕರಿಸೀತೋ ನೋಡಬೇಕು ಎಂಬುದು ಅವನ ಆಸೆ. ಅದನ್ನು ಹಾಡಿ ಹೇಳುತ್ತಾನೆ. ಕಡೆಗೆ ಮಿಕ್ಕಿಯನ್ನೇ ಮೇಜಿಗೆ ಬಿಗಿದು, ಮೇಲಿಂದ ತಿರುಗುವ ಗರಗಸ ಇಳಿಯುತ್ತಿರುವಾಗ ಅವನಿಗೆ ಎಚ್ಚರವಾಗುತ್ತದೆ. ಎಲ್ಲ ಕನಸು. ನಾಯಿ ಅಂಗಳದಲ್ಲೇ ಇದೆ.

ನೋಡಿದರೆ ನಗು ಬರುತ್ತದೆ. ಚಿತ್ರ ಬಿಡಿಸಿದವರ ಕೈಚಳಕ ಇವತ್ತಿಗೂ ಹಳತಾಗಿಲ್ಲ. ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸದೆ ಬಿಟ್ಟಿದ್ದರಿಂದ ಅದು ಸಾರ್ವಜನಿಕ ಸ್ವತ್ತಾಯಿತು. ಹಾಗಾಗಿ ಕಾಸು ಕೊಡದೆ ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ. ನಮ್ಮ ಅಬ್ಬೆತುಮಕೂರಿನಲ್ಲೂ ಸಿಗುತ್ತದೆ. ವಿಶ್ವಾರಾಧ್ಯರ ಜಾತ್ರೆಗೆ ಬಂದ ನೆಂಟರ ಮಕ್ಕಳು ಮಠದ ಆವರಣದಲ್ಲಿ ಕೂತು ಒಂದೇ ಫೋನಿಗೆ ನಾಲ್ಕು ತಲೆ ತೂರಿಸಿ ಇಂಥವೇ ಚಿತ್ರಗಳನ್ನು ನೋಡುವುದನ್ನು ಕಂಡಿದ್ದೇನೆ. ಅವರಿಗೆ ಇಂಗ್ಲಿಷ್ ಬೇಕಿಲ್ಲ. ಹುಚ್ಚ ವಿಜ್ಞಾನಿಯ ಭಾಷೆ ಅವನ ನಗು. ‘ಹಹ್ಹಹ್ಹಾ’ ಎಂದರೆ ಸಾಕು, ಯಾವ ದೇಶದ ಮಗುವಿಗೂ ಅರ್ಥವಾಗುತ್ತದೆ.

1933ರಿಂದ ಇಲ್ಲಿಯವರೆಗೆ ಈ ಆಸಾಮಿ ಬದಲಾಗಿಲ್ಲ. ಚಕ್ ಜೋನ್ಸ್ 1946ರಲ್ಲಿ ಮಾಡಿದ ಬಗ್ಸ್ ಬನ್ನಿ ಚಿತ್ರದಲ್ಲಿ ಅವನ ಕೋಟೆಯ ಮೇಲೆ ‘ದುಷ್ಟ ವಿಜ್ಞಾನಿ’ ಎಂಬ ಬೋರ್ಡು ಅಂಗಡಿಯ ದೀಪದ ಹಾಗೆ ಹತ್ತಿ ಆರುತ್ತದೆ. 1947ರ ಟಾಮ್ ಅಂಡ್ ಜೆರ್ರಿಯಲ್ಲಿ ಬೆಕ್ಕು ಕಲೆಸಿದ ವಿಷದ ಹಾಲು ಕುಡಿದ ಇಲಿ ಪೈಲ್ವಾನನಾಗುತ್ತದೆ. 1996ರಲ್ಲಿ ಬಂದ ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’ಯಲ್ಲಿ ಅವನು ಮನೆಯೊಳಗೆ ಗುಟ್ಟಿನ ಪ್ರಯೋಗಾಲಯ ಕಟ್ಟಿಕೊಂಡ ಪುಟ್ಟ ಹುಡುಗ. ವಯಸ್ಸು ಬದಲಾದರೂ ಸಾಮಾನು ಅವೇ: ಬಿಳಿ ಕೋಟು, ನಿಂತ ಕೂದಲು, ಬುಸುಗುಟ್ಟುವ ಹಸಿರು ದ್ರಾವಣ, ಬಾಗಿಲು ಮುಚ್ಚಿದ ಕೋಣೆ, ರಾತ್ರಿ.

ಇವರೆಲ್ಲರ ಅಜ್ಜ ಫ್ರಾಂಕೆನ್‌ಸ್ಟೈನ್. ಆದರೆ ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಓದಿದವರಿಗೆ ಗೊತ್ತು: ಅಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಡಾಕ್ಟರನೂ ಅಲ್ಲ, ಪ್ರೊಫೆಸರನೂ ಅಲ್ಲ. ಊರು ಬಿಟ್ಟು ಇಂಗೋಲ್‌ಸ್ಟಾಟ್‌ನ ವಿಶ್ವವಿದ್ಯಾಲಯಕ್ಕೆ ಓದಲು ಬಂದ ವಿದ್ಯಾರ್ಥಿ. ಅವನಿಗೆ ಗೂನುಬೆನ್ನಿನ ಸಹಾಯಕನೂ ಇಲ್ಲ. ಅದನ್ನು ಸೇರಿಸಿದ್ದು 1931ರ ಸಿನಿಮಾ. ಶೆಲ್ಲಿ ಅವನ ಮೇಲೆ ಹೊರಿಸುವ ದೊಡ್ಡ ತಪ್ಪು ಕೂಡ ಹುಚ್ಚಿನದಲ್ಲ. ತಾನು ಹುಟ್ಟಿಸಿದ್ದನ್ನು ನೋಡಿ ಅಸಹ್ಯಪಟ್ಟು, ಅದರ ಹೊಣೆ ಹೊರದೆ ಕೋಣೆಯಿಂದ ಓಡಿಹೋದದ್ದು ಅವನ ತಪ್ಪು. ಹುಟ್ಟಿಸಿದವರು ಹೊಣೆ ಹೊರದೆ ಹೋಗುವುದು ನಾವು ದಿನಾ ಕಾಣುವ ಸಂಗತಿ, ಅದಕ್ಕೆ ಮಿಂಚು ಗುಡುಗು ಬೇಕಿಲ್ಲ. ಸಿನಿಮಾ ಮತ್ತು ಕಾರ್ಟೂನು ಈ ಹೊಣೆಯ ಪ್ರಶ್ನೆಯನ್ನು ಕಿತ್ತು ಬಿಸಾಕಿ, ಅದರ ಜಾಗದಲ್ಲಿ ನಗುವನ್ನೂ ಕೂದಲನ್ನೂ ಇಟ್ಟವು.

‘ಏಳು ನಿಮಿಷದ ಮಕ್ಕಳ ಚಿತ್ರಕ್ಕೆ ಇಷ್ಟೆಲ್ಲ ಯಾಕ್ರೀ’ ಎನ್ನುವವರಿದ್ದಾರೆ. ಅವರಿಗೆ ಒಂದು ಲೆಕ್ಕ ಕೊಡುತ್ತೇನೆ. ಡೇವಿಡ್ ವೇಡ್ ಚೇಂಬರ್ಸ್ ಎಂಬ ಸಂಶೋಧಕ 4,807 ಮಕ್ಕಳಿಂದ ‘ವಿಜ್ಞಾನಿಯ ಚಿತ್ರ’ ಬರೆಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟು ಚಿತ್ರಗಳಲ್ಲಿ ಹೆಂಗಸು ವಿಜ್ಞಾನಿಯಾಗಿ ಕಂಡದ್ದು 28ರಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರು. ಒಬ್ಬ ಹುಡುಗನ ಕೈಯಿಂದಲೂ ವಿಜ್ಞಾನಿ ಹೆಂಗಸಾಗಿ ಮೂಡಲಿಲ್ಲ. ಬಿಳಿ ಕೋಟು, ಕನ್ನಡಕ, ಗಡ್ಡಮೀಸೆ, ಗಾಜಿನ ಬುರುಡೆಗಳು ಮಾತ್ರ ಮತ್ತೆ ಮತ್ತೆ ಬಂದವು. ಈ ಮಕ್ಕಳಲ್ಲಿ ಎಷ್ಟು ಜನ ಪ್ರಯೋಗಾಲಯ ನೋಡಿದ್ದಾರು? ನೋಡದ್ದನ್ನು ನೋಡಿದಂತೆ ಬರೆಯಲು ಅವರಿಗೆ ಕಲಿಸಿದ್ದು ಚಿತ್ರಕತೆಗಳು, ಸಿನಿಮಾಗಳು, ಕಾರ್ಟೂನುಗಳು.

ಅದೇ 1933ರಲ್ಲಿ, ಪರದೆಯ ಮೇಲೆ ಹುಚ್ಚ ಡಾಕ್ಟರ್ ಗರಗಸ ಹಿಡಿದು ಕುಣಿಯುತ್ತಿದ್ದಾಗ, ನಮ್ಮ ಬೆಂಗಳೂರಿನಲ್ಲಿ ಏನಾಯಿತು ನೋಡಿ. ಮುಂಬೈಯಿಂದ ರಸಾಯನಶಾಸ್ತ್ರ ಓದಿ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೀಟು ಇಲ್ಲವೆಂದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತು ಹಾಕಿ ಸೇರಿಸಿಕೊಂಡರು: ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದಷ್ಟು ಹೊತ್ತು ಕೆಲಸ, ಗಂಡು ವಿದ್ಯಾರ್ಥಿಗಳ ಏಕಾಗ್ರತೆ ಕೆಡಿಸಕೂಡದು. ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದರು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ರಾಮನ್ ಹುಚ್ಚರಾಗಿದ್ದರೇ? ನೊಬೆಲ್ ಪಡೆದ, ದೇಶವೇ ತಲೆಬಾಗಿದ ಮನುಷ್ಯ. ಬಾಗಿಲು ಮುಚ್ಚಲು ಅವರಿಗೆ ಹುಚ್ಚು ಬೇಕಾಗಲಿಲ್ಲ, ಎಲ್ಲರಿಗೂ ಇದ್ದ ಸಾಮಾನ್ಯ ಬುದ್ಧಿಯೇ ಸಾಕಾಯಿತು.

ಆ ರಾಮನ್ ಪರಿಣಾಮದ ನೆನಪಿಗೇ ನಾವು ಪ್ರತಿ ವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. ನನ್ನ ಅಕ್ಕನ ಮಗ ಓದುವ ಶಾಲೆಯಲ್ಲೂ ಆಚರಿಸಿದರು. ಹುಡುಗನಿಗೆ ವಿಜ್ಞಾನಿಯ ವೇಷ. ಅಪ್ಪನ ಬಿಳಿ ಅಂಗಿ, ತಲೆಗೆ ಪೌಡರು, ಕೈಯಲ್ಲಿ ನೀಲಿ ಬಣ್ಣದ ನೀರಿನ ಬಾಟಲಿ. ವೇದಿಕೆ ಮೇಲೆ ಅವನಿಗಿದ್ದದ್ದು ಒಂದೇ ಕೆಲಸ: ಬಾಟಲಿ ಅಲ್ಲಾಡಿಸಿ ಜೋರಾಗಿ ನಗುವುದು. ಅವನು ಚೆನ್ನಾಗಿಯೇ ನಕ್ಕ. ಮೇಷ್ಟ್ರು, ತಾಯಂದಿರು, ಮಕ್ಕಳು ಎಲ್ಲ ಚಪ್ಪಾಳೆ ಹೊಡೆದರು. ಮನೆಗೆ ಬಂದ ಮೇಲೆ ‘ಆ ನೀರಿನ್ಯಾಗ ಏನಿತ್ತೋ’ ಅಂದೆ. ‘ಅದೇನ್ ಗೊತ್ತಿಲ್ಲ ಮಾಮಾ, ನಗೂದಷ್ಟೇ ಹೇಳಿದ್ರು’ ಅಂದ.

ನೀರಿನಲ್ಲಿ ಏನಿದೆ ಎಂದು ಕೇಳುವುದು ಈ ಜಿಲ್ಲೆಯಲ್ಲಿ ಸಣ್ಣ ಪ್ರಶ್ನೆಯಲ್ಲ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ. ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಎಂಬ ಊರಿನ ಸೀಮೆಯದು. ಕಡಲತೀರದ ಮಂಗಳೂರಲ್ಲ, ನಮ್ಮ ಜಿಲ್ಲೆಯ ಮಂಗಳೂರು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿಯ ನೀರು, ಮಣ್ಣು, ಜನರ ಕೂದಲು, ಉಗುರು ಪರೀಕ್ಷಿಸಿ 2013ರಲ್ಲಿ ಅಧ್ಯಯನ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನ ಮಾದರಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿಯೇ ಆ 10. ಒಂದು ಮಾದರಿಯಲ್ಲಿ ಅದು 303ಕ್ಕೆ ಮುಟ್ಟಿತ್ತು. ತಪಾಸಣೆಗೆ ಒಳಗಾದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಈ ವಿಷ ಏರಿದರೆ ಮೈಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕಿ ಏಳುತ್ತವೆ, ಅಂಗೈ ಅಂಗಾಲು ಗಟ್ಟಿಯಾಗಿ ಗಂಟುಗಟ್ಟುತ್ತವೆ. ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರೂ ಬರಬಹುದು.

ಈಗ ಹುಚ್ಚನನ್ನು ಹುಡುಕಿ. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಇರುವುದು ಭೂಮಿಯ ಸ್ವಭಾವ. ಬಂಡೆ ಒಡೆದು, ಚಿನ್ನ ತೆಗೆದು, ಉಳಿದ ಪುಡಿಯನ್ನು ಬಯಲಲ್ಲಿ ಸುರಿದು ಹೋದವರು ವ್ಯಾಪಾರ ಬಲ್ಲವರು, ಲೆಕ್ಕ ಬರೆದಿಟ್ಟವರು. ನೀರಿಲ್ಲದ ತಾಂಡಾಕ್ಕೆ ಕೊಳವೆಬಾವಿ ಬೇಕೆಂದು ಬರೆದವನು, ಮಂಜೂರು ಮಾಡಿದವನು, ಕೊರೆದವನು, ಬಿಲ್ಲು ಪಾಸು ಮಾಡಿದವನು, ಎಲ್ಲರ ತಲೆಯೂ ನೆಟ್ಟಗಿತ್ತು. ನೀರು ತಿಳಿಯಾಗಿತ್ತು, ರುಚಿಯೂ ಕೆಟ್ಟಿರಲಿಲ್ಲ. ಆರ್ಸೆನಿಕ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಬುಸುಗುಟ್ಟುವುದಿಲ್ಲ, ಹಸಿರು ಹೊಗೆ ಬಿಡುವುದಿಲ್ಲ. ಕಾರ್ಟೂನು ನೋಡಿ ವಿಷವೆಂದರೆ ಹೀಗಿರುತ್ತದೆ ಎಂದು ಕಲಿತ ಮಗು ಈ ನೀರನ್ನು ಗಟಗಟ ಕುಡಿಯುತ್ತದೆ. ಮಿಕ್ಕಿ ಮೌಸ್‌ಗೆ ಗರಗಸ ಇಳಿಯುವ ಮೊದಲು ಎಚ್ಚರವಾಯಿತು. ತಾಂಡಾದ ಜನಕ್ಕೆ ಆ ಸೌಲಭ್ಯ ಇರಲಿಲ್ಲ.

ಇಲ್ಲಿ ವಿಜ್ಞಾನಿ ಮಾಡಿದ ಕೆಲಸವನ್ನೂ ನೋಡಿ. ದೀಪಂಕರ ಚಕ್ರವರ್ತಿ ಬಂಗಾಳದ ಹಳ್ಳಿಗಳಲ್ಲಿ ದಶಕಗಟ್ಟಲೆ ಇದೇ ಆರ್ಸೆನಿಕ್‌ನ ಬೆನ್ನು ಹತ್ತಿದವರು, 2018ರಲ್ಲಿ ತೀರಿಕೊಂಡರು. ಇಂಥ ಅಧ್ಯಯನವೆಂದರೆ ಬಾಟಲಿಗಳಲ್ಲಿ ನೀರು ತುಂಬುವುದು, ಚೀಟಿ ಅಂಟಿಸುವುದು, ಉಗುರು ಕತ್ತರಿಸಿ ಪೊಟ್ಟಣ ಕಟ್ಟುವುದು, ಒಬ್ಬೊಬ್ಬರ ಅಂಗೈ ಹಿಡಿದು ನೋಡುವುದು, ಮತ್ತೆ ಅದನ್ನೆಲ್ಲ ಹೊತ್ತೊಯ್ದು ಯಂತ್ರದ ಮುಂದೆ ಕೂರುವುದು. ಬೇಸರ ಬರುವಷ್ಟು ಸಾದಾ ಕೆಲಸ, ಹಲವರು ಸೇರಿ ಮಾಡುವ ಕೆಲಸ. ಅಡುಗೆ ಮನೆಯಲ್ಲಿ ಅಕ್ಕಿ ಆರಿಸುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಹೀಗೆ ಆರಿಸಿದ್ದರಿಂದ ಕಲ್ಲು ಸಿಕ್ಕಿತು.

ಅಂದರೆ ಕಾರ್ಟೂನು ಎರಡು ಕಡೆಯಿಂದ ಸುಳ್ಳು ಹೇಳುತ್ತದೆ. ಕೇಡು ಮಾಡಿದವರನ್ನು ಕಾಣದ ಹಾಗೆ ಮಾಡುತ್ತದೆ, ಕೇಡನ್ನು ಕಂಡುಹಿಡಿದವರಿಗೆ ಕೇಡಿಗನ ವೇಷ ಹಾಕುತ್ತದೆ.

ಇದು ಯಾದಗಿರಿಯ ಕತೆಯಷ್ಟೇ ಎನ್ನುವವರು ಭೋಪಾಲವನ್ನು ನೆನೆಯಲಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ, ಆ ರಾಸಾಯನಿಕವನ್ನು ತಣ್ಣಗಿಡಬೇಕಿದ್ದ ಶೈತ್ಯ ಘಟಕ ತಿಂಗಳುಗಳಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆ ರಿಪೇರಿಗೆಂದು ಕಳಚಿತ್ತು. ಕಾರ್ಖಾನೆ ಲಾಭದಲ್ಲಿರಲಿಲ್ಲ, ಖರ್ಚು ಇಳಿಸಬೇಕಿತ್ತು. ಫ್ರಿಜ್ ಆರಿಸಿದರೆ ಕರೆಂಟು ಉಳಿಯುತ್ತದೆ ಎಂಬುದು ಯಾವ ಹುಚ್ಚನ ಯೋಚನೆ? ನಮ್ಮ ಮನೆಗಳಲ್ಲಿ ದಿನಾ ಆಡುವ ಮಾತೇ ಅದು. ಮಹಾ ಅನಾಹುತಗಳು ಹೀಗೆ ಉಳಿತಾಯದ ಭಾಷೆಯಲ್ಲಿ, ಕಡತದ ಭಾಷೆಯಲ್ಲಿ ಬರುತ್ತವೆ. ಅವುಗಳಿಗೆ ನಗಲು ಪುರುಸೊತ್ತಿರುವುದಿಲ್ಲ.

ಇನ್ನು ‘ಹುಚ್ಚ’ ಎಂಬ ಮಾತು. ಕಾರ್ಟೂನಿನವರಿಗೆ ಹುಚ್ಚು ಮತ್ತು ದುಷ್ಟತನ ಒಂದೇ. ನಮ್ಮ ಕಡೆಯ ಜನ ಹಾಗೆ ತಿಳಿದವರಲ್ಲ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ ಎಂದು ಮಕ್ಕಳಿಗೆ ಹೆಸರಿಟ್ಟ ಸೀಮೆ ಇದು. ಸಿದ್ಧರು, ಅವಧೂತರು, ತತ್ವಪದ ಹಾಡಿದವರು ತಿರುಗಾಡಿದ ನೆಲ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಇವತ್ತಿಗೂ ಏಕತಾರಿ ಹಿಡಿದು ಹಾಡುವವರಿದ್ದಾರೆ. ಇಲ್ಲಿ ಹುಚ್ಚ ಎಂದರೆ ಊರಿನ ಲೆಕ್ಕಾಚಾರಕ್ಕೆ ಸಿಗದವನು, ಉಟ್ಟದ್ದು ಉಂಡದ್ದರ ಪರಿವೆ ಇಲ್ಲದವನು. ಅವನಿಗೆ ಊಟ ಹಾಕುತ್ತಾರೆ, ಅವನ ಮಾತಿಗೆ ಕಿವಿ ಕೊಡುತ್ತಾರೆ. ಹೌದು, ‘ಓದಿ ಓದಿ ಮರುಳಾದ ಕೂಚಂಭಟ್ಟ’ ಎಂಬ ಗಾದೆಯೂ ನಮ್ಮದೇ. ಊರಿಗೆ ಹೋದಾಗಲೆಲ್ಲ ನನಗೂ ಅದು ತಪ್ಪಿದ್ದಲ್ಲ. ‘ಏನ್ ಶೋಧ ಮಾಡ್ಲಿಕತ್ತೀಪಾ ಇನ್ನೂ? ಲಗ್ನದ ವಯಸ್ಸು ಹೋಯ್ತು’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಾರೆ. ಆದರೆ ಆ ಗಾದೆಯಲ್ಲಿ ಕನಿಕರವಿದೆ, ಕೀಟಲೆಯಿದೆ. ಓದಿದವನು ತನಗೇ ಕೆಟ್ಟ, ಊರಿಗೆ ಕೆಡಕು ಮಾಡಲಿಲ್ಲ. ಹುಚ್ಚನನ್ನು ಕಂಡರೆ ಊರು ಸುಡುವವನು ಎಂದು ಬಾಗಿಲು ಹಾಕಿಕೊಳ್ಳುವ ಬುದ್ಧಿ ಹೊರಗಿನಿಂದ ಬಂದದ್ದು. ಮನಸ್ಸಿನ ಕಾಯಿಲೆಯವರನ್ನು ಮನೆಯೊಳಗೇ ಬಚ್ಚಿಡುವ ಕುಟುಂಬಗಳಿಗೆ ಈ ಚಿತ್ರಗಳು ಮಾಡುವ ಉಪಕಾರ ಅಷ್ಟಕ್ಕಷ್ಟೆ.

ನಮ್ಮಲ್ಲಿ ನಿಜವಾಗಿಯೂ ಭಯ ಹುಟ್ಟಿಸಿದವನು ಬೇರೆ: ಬಾನಾಮತಿ ಮಾಡುತ್ತಾನೆಂದು ಜನ ನಂಬಿದ ಮಂತ್ರವಾದಿ. ಅವನ ಗುಣಲಕ್ಷಣ ಪಟ್ಟಿ ಮಾಡಿ. ಒಂಟಿ ಮನುಷ್ಯ, ರಾತ್ರಿ ಕೆಲಸ, ಮುಚ್ಚಿದ ಕೋಣೆ, ಯಾರಿಗೂ ಹೇಳದ ಗುಟ್ಟು, ಎಲುಬು, ಬೂದಿ, ಅರ್ಥವಾಗದ ಅಕ್ಷರ, ದೂರದಿಂದಲೇ ಕೇಡು ಮಾಡುವ ಶಕ್ತಿ. ಇವನಿಗೆ ಒಂದು ಬಿಳಿ ಕೋಟು ತೊಡಿಸಿದರೆ ಯಾರಾದ? ಬಾನಾಮತಿಯ ಭಯವನ್ನು ಬಿಡಿಸಲು ಈ ಸೀಮೆಯಲ್ಲಿ ವೈದ್ಯರು, ವಿಚಾರವಾದಿಗಳು, ಮೇಷ್ಟ್ರುಗಳು ಹಳ್ಳಿ ಹಳ್ಳಿ ತಿರುಗಿದ್ದಾರೆ. ಬಾನಾಮತಿಯ ಹೆಸರಿನಲ್ಲಿ ಅಮಾಯಕರ ಮೇಲೆ ಹಲ್ಲೆಗಳೂ ನಡೆದಿವೆ. 2017ರಲ್ಲಿ ರಾಜ್ಯ ಶಾಸನಸಭೆ ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ಮಾಡಿತು. ಆ ಮಂತ್ರವಾದಿಯನ್ನು ಮುಂಬಾಗಿಲಿನಿಂದ ಹೊರಗೆ ಹಾಕಿ, ಹಿಂಬಾಗಿಲಿನಿಂದ ವಿಜ್ಞಾನಿಯೆಂದು ಒಳಗೆ ಕರೆದಿದ್ದೇವೆ. ಅದೂ ವಿಜ್ಞಾನ ದಿನದಂದು, ಶಾಲೆಯ ವೇದಿಕೆಗೆ, ಚಪ್ಪಾಳೆ ಹೊಡೆದು.

ಇದರ ಬೆಲೆ ಎಲ್ಲಿ ತೆರಬೇಕಾಗುತ್ತದೆ ಎಂಬುದಕ್ಕೆ ಶಹಾಪುರ ತಾಲ್ಲೂಕಿನ ಗೋಗಿಗೆ ಬನ್ನಿ. ಬಿಜಾಪುರದ ಮೊದಲ ಆದಿಲಶಾಹಿ ಅರಸರ ಗೋರಿಗಳಿರುವ ಊರು. ಅದರ ನೆಲದಡಿ ಯುರೇನಿಯಂ ಅದಿರಿದೆ ಎಂದು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿತು, ಯುರೇನಿಯಂ ಕಾರ್ಪೊರೇಷನ್ ಗಣಿಯ ಯೋಜನೆ ಹಾಕಿತು, ಊರವರು ವಿರೋಧಿಸಿದರು. ಗಣಿ ಬೇಕೇ ಬೇಡವೇ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಅಂಥ ಊರಿನಲ್ಲಿ ಒಂದು ಸಭೆ ಸೇರಿದಾಗ ಜನ ಏನು ಕೇಳಬಲ್ಲರು ಎಂಬುದು ನನ್ನ ವಿಷಯ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ನೋಟಿಸು ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಅಂದರೆ ಕಾನೂನು ನಮಗೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿದೆ.

ಆದರೆ ಪ್ರಶ್ನೆ ಕೇಳಲು ವಿಜ್ಞಾನಿಯನ್ನು ಮನುಷ್ಯನೆಂದು ತಿಳಿದಿರಬೇಕು. ಅವನು ಹಹ್ಹಹ್ಹಾ ಎನ್ನುವ ರಾಕ್ಷಸ ಎಂದುಕೊಂಡವರು ಸಭೆಯಲ್ಲಿ ಕೂಗುತ್ತಾರೆ, ಇಲ್ಲವೇ ಸಭೆಗೇ ಬರುವುದಿಲ್ಲ. ಅವನು ಗುಟ್ಟು ಬಲ್ಲ ಮಹಾಮಾಂತ್ರಿಕ ಎಂದುಕೊಂಡವರು ‘ವಿಜ್ಞಾನಿಗಳೇ ಹೇಳ್ಯಾರ, ನಮಗೇನ್ ತಿಳೀತದ’ ಎಂದು ಕೈಮುಗಿದು ಕೂರುತ್ತಾರೆ. ಎರಡರಿಂದಲೂ ಲಾಭ ಯೋಜನೆ ತಂದವರಿಗೆ. ಅವರಿಗೆ ತೊಂದರೆ ಕೊಡುವವರು ಮೂರನೆಯವರು: ‘ಯಾವ ಬಾವಿ ನೀರು ಪರೀಕ್ಷೆ ಮಾಡೀರಿ? ಯಾವ ತಿಂಗಳು? ಬ್ಯಾಸಿಗ್ಯಾಗೋ ಮಳಿಗಾಲದಾಗೋ? ಯಾರ ಯಂತ್ರ? ಚೀಟಿ ತೋರಸ್ರಿ’ ಎನ್ನುವವರು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆಯ ಬಗ್ಗೆ ದೂರುತ್ತ ಬಂದಿರುವ ಸುತ್ತಲಿನ ಹಳ್ಳಿಗಳಿಗೂ ಬೇಕಿರುವುದು ಈ ಮೂರನೆಯವರೇ. ಇಂಥವರನ್ನು ತಯಾರು ಮಾಡುವುದು ವಿಜ್ಞಾನ ಶಿಕ್ಷಣದ ಕೆಲಸ. ನಾವು ತಯಾರು ಮಾಡುತ್ತಿರುವುದು ಬಾಟಲಿ ಅಲ್ಲಾಡಿಸಿ ನಗುವವರನ್ನು.

ಹಾಗಾದರೆ ವಿಜ್ಞಾನಿಯನ್ನು ನೋಡಿ ನಗಲೇ ಬಾರದೇ? ನಗಬೇಕು, ಹೊಟ್ಟೆ ತುಂಬ ನಗಬೇಕು. ಅದನ್ನು ಹೇಗೆ ಮಾಡುವುದೆಂದು ಕನ್ನಡಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡದ ವಿಜ್ಞಾನ ಬರವಣಿಗೆಯೇ ನನ್ನ ಸಂಶೋಧನೆಯ ವಿಷಯವಾದ್ದರಿಂದ ಇಷ್ಟು ಧೈರ್ಯವಾಗಿ ಹೇಳಬಲ್ಲೆ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರಜ್ಞ. 1976ರಲ್ಲಿ ಬಂದ ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಅಲೆಯುವ ಆ ಮೇಷ್ಟ್ರು ಗಿಡದ ಹೆಸರಿನ ಜತೆಗೆ ಶಿಷ್ಯರ ಕೋತಿಚೇಷ್ಟೆಯನ್ನೂ, ತಮ್ಮ ಪೇಚಾಟವನ್ನೂ ಬರೆಯುತ್ತಾರೆ. ಅಲ್ಲಿ ನಗು ಇರುವುದು ತಿಳಿಯದಿರುವುದರಲ್ಲಿ, ಹುಡುಕುವುದರಲ್ಲಿ, ಮನುಷ್ಯರು ಮನುಷ್ಯರಾಗಿರುವುದರಲ್ಲಿ. ಓದಿ ಮುಗಿಸಿದಾಗ ನಕ್ಕಿರುತ್ತೀರಿ, ಹತ್ತು ಗಿಡಗಳ ಪರಿಚಯವೂ ಆಗಿರುತ್ತದೆ. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಊರಿನ ಕಣ್ಣಿಗೆ ಕರ್ವಾಲೊ ವಿಚಿತ್ರ ಆಸಾಮಿ. ಕಾರ್ಟೂನಿನವರ ಕೈಗೆ ಸಿಕ್ಕಿದ್ದರೆ ಅವರ ತಲೆಗೂದಲು ನಿಲ್ಲಿಸಿ, ಹಾರುವ ಓತಿಯನ್ನು ಹೊಲಿಗೆ ಹಾಕಿಸುತ್ತಿದ್ದರು. ತೇಜಸ್ವಿ ಏನು ಮಾಡಿದರು? ಆ ವಿಜ್ಞಾನಿಯ ಬದಿಗೆ ಮಂದಣ್ಣನನ್ನು ನಿಲ್ಲಿಸಿದರು. ಜೇನು ಹಿಡಿಯುವ, ಕೆಲಸವಿಲ್ಲದ, ಮದುವೆಗೆ ಒದ್ದಾಡುವ, ಊರವರು ಪೆದ್ದನೆನ್ನುವ ಮಂದಣ್ಣ. ಓತಿಯನ್ನು ಮೊದಲು ಕಂಡವನು ಅವನು, ಅವನ ಕಣ್ಣಿಗೆ ಬೆಲೆ ಕೊಟ್ಟವರು ಕರ್ವಾಲೊ. ನಾಯಿ, ಫೋಟೋಗ್ರಾಫರ್, ಬಿರಿಯಾನಿ ಮಾಡುವವ, ಎಲ್ಲ ಸೇರಿದ ದಂಡು ಕಾಡಿಗೆ ಹೋಗುತ್ತದೆ. ಪುಸ್ತಕದ ತುಂಬ ನಗು, ಒಂದು ಕಡೆಯೂ ಮುಚ್ಚಿದ ಕೋಣೆಯಿಲ್ಲ. ಕೊನೆಗೆ ಓತಿ ಕೈಗೂ ಸಿಗುವುದಿಲ್ಲ, ಕಣಿವೆಗೆ ತೇಲಿಹೋಗುತ್ತದೆ. ಲೋಕ ಗೆಲ್ಲುವ ವಿಜ್ಞಾನಿಯನ್ನು ಬೇರೆಯವರು ಚಿತ್ರಿಸುತ್ತಿದ್ದಾಗ ಒಂದು ಓತಿಯನ್ನೂ ಹಿಡಿಯಲಾಗದ ವಿಜ್ಞಾನಿಯನ್ನು ಕನ್ನಡ ಕೊಟ್ಟಿದೆ. ನಾಲ್ಕು ದಶಕಗಳಿಂದ ಜನ ಅವರನ್ನು ಪ್ರೀತಿಸುತ್ತಲೇ ಇದ್ದಾರೆ.

ಇಷ್ಟು ಆಸ್ತಿ ಮನೆಯಲ್ಲಿಟ್ಟುಕೊಂಡು ನಮ್ಮ ಕನ್ನಡದ ಮಕ್ಕಳ ವಿಡಿಯೊ ಮಾಡುವವರು ಮತ್ತೆ ಆ ಹಸಿರು ದ್ರಾವಣಕ್ಕೇ ಕೈ ಹಾಕುವುದು ನನಗೆ ಸಿಟ್ಟು ತರಿಸುತ್ತದೆ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಈಗ ಪುಕ್ಕಟೆ ಸಿಗುತ್ತದೆ. ಒಂದು ಲ್ಯಾಪ್‌ಟಾಪಿನಲ್ಲಿ ಅನಿಮೇಷನ್ ಮಾಡಬಲ್ಲ ಹುಡುಗ ಹುಡುಗಿಯರು ಕಲಬುರಗಿಯಲ್ಲೂ ಇದ್ದಾರೆ, ರಾಯಚೂರಿನಲ್ಲೂ ಇದ್ದಾರೆ. ಅವರು ಎರವಲು ತರುತ್ತಿರುವುದು ಡಿಸ್ನಿಯವರ 1933ರ ಕನಸನ್ನು, ಅದೂ ಡಿಸ್ನಿಯವರ ಕೈಚಳಕ ಇಲ್ಲದೆ.

ಅವರಿಗೆ ನಾನೊಂದು ಕತೆ ಕೊಡುತ್ತೇನೆ, ಹಕ್ಕುಸ್ವಾಮ್ಯ ಬೇಡ. ಏಳು ನಿಮಿಷ ಸಾಕು. ಒಂದು ಹಳ್ಳಿಗೆ ನೀರು ಪರೀಕ್ಷೆಗೆಂದು ಒಬ್ಬಳು ವಿಜ್ಞಾನಿ ಬರುತ್ತಾಳೆ. ಬಿಳಿ ಕೋಟಿಲ್ಲ, ಬಿಸಿಲಿಗೆ ತಲೆ ಮೇಲೆ ಸೆರಗು. ಬಾಟಲಿಗಳಿವೆ, ಚೀಟಿ ಅಂಟಿಸುವ ಗೋಂದು ಆರಿಹೋಗಿದೆ. ಗೋಂದಿಗೆ ಅರ್ಜಿ ಬರೆಯುತ್ತಾಳೆ. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ಅಲ್ಲಿಂದ ರಜೆಯಲ್ಲಿರುವ ಸಾಹೇಬರ ಮೇಜಿಗೆ ತೆವಳುತ್ತದೆ. ಎಲ್ಲರೂ ಒಳ್ಳೆಯವರು, ಎಲ್ಲರ ತಲೆಯೂ ನೆಟ್ಟಗಿದೆ, ಎಲ್ಲರೂ ಆಕೆಗೆ ಚಹಾ ಕೊಡುತ್ತಾರೆ. ಅತ್ತ ಊರಿನಲ್ಲಿ ಒಂದು ಮುದುಕಿ ‘ಯವ್ವಾ, ಅದಕ್ಯಾಕ ಅಷ್ಟ ತ್ರಾಸು’ ಎಂದು ರೊಟ್ಟಿ ಹಿಟ್ಟು ಕಲಸಿ ಚೀಟಿ ಅಂಟಿಸಿಕೊಡುತ್ತಾಳೆ. ಬಾಟಲಿಗಳು ಹೊರಡುತ್ತವೆ. ಫಲಿತಾಂಶ ಬರುತ್ತದೆ. ಆಮೇಲೆ ಆ ಫಲಿತಾಂಶದ ಕಾಗದವೂ ಅದೇ ಮೇಜುಗಳ ಮೇಲೆ ತೆವಳತೊಡಗುತ್ತದೆ. ಈ ಸಲ ಮುದುಕಿ ಹಿಟ್ಟಿನ ಬೋಗುಣಿ ಹಿಡಿದು ತಾನೇ ಕಚೇರಿಗೆ ಬಂದು, ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು, ‘ಎಂದ ಬರ್ತದ ಹೇಳ್ರಿ’ ಅನ್ನುತ್ತಾಳೆ.

ಇದರಲ್ಲಿ ಹುಚ್ಚರಿಲ್ಲ, ಕೋಟೆಯಿಲ್ಲ, ಮಿಂಚಿಲ್ಲ. ನಮ್ಮ ಮಕ್ಕಳು ನಗುತ್ತಾರೆಂದು ನನಗೆ ಖಾತ್ರಿಯಿದೆ, ಯಾಕೆಂದರೆ ಆ ಮೇಜುಗಳನ್ನು ಅವರು ಅಪ್ಪ ಅಮ್ಮನ ಕೈ ಹಿಡಿದು ನೋಡಿದ್ದಾರೆ. ಮುಂದಿನ ಫೆಬ್ರುವರಿ 28ಕ್ಕೆ ಶಾಲೆಯಲ್ಲಿ ವೇಷ ಹಾಕಿಸುವ ಮೇಷ್ಟ್ರುಗಳಲ್ಲೂ ಒಂದು ಬೇಡಿಕೆ. ಪೌಡರು, ನೀಲಿ ಬಣ್ಣ ಪಕ್ಕಕ್ಕಿಡಿ. ಹುಡುಗನ ಕೈಗೆ ಅದೇ ಊರಿನ ಬೋರ್‌ವೆಲ್ಲಿನ ನೀರು ತುಂಬಿದ ಬಾಟಲಿ ಕೊಡಿ. ಅದರ ಮೇಲೆ ಚೀಟಿ ಅಂಟಿಸಿ ತಾರೀಕು ಬರೆಯಲಿ, ಎಲ್ಲಿಯ ನೀರೆಂದು ಬರೆಯಲಿ. ನಂತರ ವೇದಿಕೆಯ ಮುಂದಿನ ಸಾಲಿನಲ್ಲಿ ಕೂತಿರುವ ಅತಿಥಿಗಳನ್ನು ನೋಡಿ, ಇದರಲ್ಲಿ ಏನಿದೆ ಹೇಳಿ ಎಂದು ಕೇಳಲಿ.